‘ಏನೂ ಆಗಿಲ್ಲ’ ಅಂದಿದ್ದೇ ತಪ್ಪಾಯ್ತು

ಇವತ್ತು ಯಾವ ಅತಿಥಿಯೂ ಇಲ್ಲ. ನಾನೇ ಮಾತಾಡ್ತೀನಿ, ನನ್ನ ಎಡಗಾಲಿನ ಬಗ್ಗೆ.

ನನ್ನ ಎಡಗಾಲಿನ ಗಿಣ್ಣಿನಲ್ಲಿ ಈಗ ಒಂದು ಪ್ಲೇಟ್, ಆರು ಸ್ಕ್ರೂ ಇವೆ. ಮಳೆ ಬರೋ ಮುಂಚೆ ಹವಾಮಾನ ಇಲಾಖೆಗಿಂತ ಮೊದಲು ನನಗೆ ಗೊತ್ತಾಗುತ್ತೆ. ಮನೆಯಲ್ಲಿ ಎಲ್ಲರೂ ತಮಾಷೆ ಮಾಡ್ತಾರೆ, ನಾನೂ ನಗ್ತೀನಿ. ಆದರೆ ಆ ದಿನ ನಗೋ ಹಾಗಿರಲಿಲ್ಲ.

ಕಳೆದ ವರ್ಷ ಅಕ್ಟೋಬರ್. ಇನ್‌ಸ್ಟಾಗ್ರಾಂನಲ್ಲಿ ಒಂದು ರೀಲ್ ನೋಡಿದೆ. ಹಸಿರು ಬೆಟ್ಟ, ಮೇಲೆ ಮಂಜು, ಹಿಂದುಗಡೆ ಹಾಡು. ಕುದುರೆಮುಖ ಟ್ರೆಕ್, ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು ಭಾನುವಾರ ಬೆಳಗ್ಗೆ ವಾಪಸ್. ಬಸ್ಸು, ಹೋಂಸ್ಟೇ, ಊಟ, ಜೀಪು, ಅರಣ್ಯ ಇಲಾಖೆ ಪರ್ಮಿಷನ್, ಗೈಡ್ ಎಲ್ಲ ಸೇರಿ ಒಂದೇ ಪ್ಯಾಕೇಜ್. ನಾನೂ, ನನ್ನ ರೂಮ್‌ಮೇಟೂ ಹತ್ತು ನಿಮಿಷದಲ್ಲಿ ದುಡ್ಡು ಕಟ್ಟಿಬಿಟ್ಟೆವು.

ದುಡ್ಡು ಕಟ್ಟಿದ ಮೇಲೆ ಒಂದು ಫಾರಂ ಬಂತು. ಹೆಸರು, ವಯಸ್ಸು, ರಕ್ತದ ಗುಂಪು, ತುರ್ತು ಸಂದರ್ಭದಲ್ಲಿ ಸಂಪರ್ಕಿಸಬೇಕಾದ ನಂಬರ್. ಕೊನೆಗೆ ಸಣ್ಣ ಅಕ್ಷರದಲ್ಲಿ ಒಂದು ಪುಟ. ‘ಏನಾದರೂ ಆದರೆ ಸಂಪೂರ್ಣ ಜವಾಬ್ದಾರಿ ನನ್ನದೇ’ ಅನ್ನೋ ಅರ್ಥದ್ದು. ಓದದೆ ಟಿಕ್ ಹಾಕಿದೆ. ನೀವೂ ಹಾಗೇ ಮಾಡಿರ್ತೀರಿ, ನನಗೆ ಗೊತ್ತು.

ಈಗ ಆ ತುರ್ತು ನಂಬರ್ ವಿಷಯ. ಅಲ್ಲಿ ಅಪ್ಪನದೋ ಅಮ್ಮನದೋ ನಂಬರ್ ಹಾಕಬೇಕಿತ್ತು. ಆದರೆ ನಾನು ಮನೆಯಲ್ಲಿ ಹೇಳಿದ್ದೇ ಬೇರೆ. ಆಫೀಸಿನ ಸಹೋದ್ಯೋಗಿ ಮದುವೆ, ಹಾಸನಕ್ಕೆ ಹೋಗ್ತಿದ್ದೀನಿ ಅಂದಿದ್ದೆ. ಟ್ರೆಕ್ ಅಂದ್ರೆ ಅಮ್ಮ, ‘ಬೆಟ್ಟ ಹತ್ತೋಕೆ ದುಡ್ಡು ಬೇರೆ ಕೊಡ್ತೀಯೇನೇ?’ ಅಂತ ಶುರು ಮಾಡೋರು. ಹಾಗಾಗಿ ಆ ಜಾಗದಲ್ಲಿ ನನ್ನದೇ ಎರಡನೇ ಸಿಮ್ಮಿನ ನಂಬರ್ ಬರೆದೆ. ಬುದ್ಧಿವಂತಿಕೆ ಅಂದುಕೊಂಡಿದ್ದೆ.

ಶನಿವಾರ ಬೆಳಗಿನ ಜಾವ ಕಳಸದ ಹತ್ತಿರ, ಸಂಸೆ ಕಡೆ ಒಂದು ಹೋಂಸ್ಟೇ ಮುಟ್ಟಿದೆವು. ತಿಂಡಿ ತಿಂದು ಜೀಪ್ ಹತ್ತಿದೆವು. ಮುಳ್ಳೋಡಿವರೆಗೂ ರಸ್ತೆ ಅನ್ನೋದು ಹೆಸರಿಗೆ ಮಾತ್ರ. ಕಲ್ಲು, ಕೆಸರು, ಕುಲುಕಾಟ. ಅಲ್ಲಿಂದ ನಡಿಗೆ ಶುರು. ಕುದುರೆಮುಖದ ತುದಿ ಸಮುದ್ರಮಟ್ಟದಿಂದ ಸುಮಾರು 1,890 ಮೀಟರ್ ಎತ್ತರ. ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿಗಿಂತ ಸ್ವಲ್ಪವೇ ಕಡಿಮೆ. ಹೋಗಿ ಬರೋಕೆ ಹತ್ತಿರ ಹತ್ತಿರ ಇಪ್ಪತ್ತು ಕಿಲೋಮೀಟರ್. ಸಂಜೆಯೊಳಗೆ ಕೆಳಗೆ ಇಳಿದಿರಲೇಬೇಕು. ಇದು ರಾಷ್ಟ್ರೀಯ ಉದ್ಯಾನ, ರಾತ್ರಿ ಮೇಲೆ ಉಳಿಯೋ ಹಾಗಿಲ್ಲ.

ನಮ್ಮ ಗುಂಪಲ್ಲಿ 38 ಜನ. ಬೆಂಗಳೂರಿಂದ ಬಂದಿದ್ದ ಟ್ರೆಕ್ ಲೀಡರ್ ಇಬ್ಬರು, ಇಬ್ಬರಿಗೂ ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸು ಇರಬಹುದು. ಒಳ್ಳೆ ಹುಡುಗರು. ಬಸ್ಸಲ್ಲಿ ಅಂತ್ಯಾಕ್ಷರಿ ಆಡಿಸಿದ್ದು, ಎಲ್ಲರ ಫೋಟೋ ತೆಗೆದಿದ್ದು ಅವರೇ. ಅವರ ಜೊತೆ ಊರಿನವರೇ ಆದ ಒಬ್ಬ ಗೈಡ್. ನಲವತ್ತೈದು ದಾಟಿದವರು, ಕೈಯಲ್ಲೊಂದು ಕತ್ತಿ, ಕಾಲಿಗೆ ಸಾದಾ ರಬ್ಬರ್ ಚಪ್ಪಲಿ. ಅವರು ಎಲ್ಲರಿಗಿಂತ ಹಿಂದೆ ನಡೀತಿದ್ರು. ನಿಜ ಹೇಳ್ತೀನಿ, ಗೈಡ್ ಅಂದ್ರೆ ಮುಂದೆ ಇರಬೇಕಲ್ವಾ, ಇವರ್ಯಾಕೆ ಹಿಂದೆ ಅಂತ ನಾನು ರೂಮ್‌ಮೇಟ್ ಹತ್ರ ಆಡಿಕೊಂಡಿದ್ದೆ.

ಹತ್ತೋದು ಚೆನ್ನಾಗೇ ಆಯ್ತು. ಹಳ್ಳ ದಾಟಿದೆವು, ಇಂಬಳ ಕಿತ್ತು ಹಾಕಿದೆವು, ಒಂಟಿ ಮರದ ಹತ್ತಿರ ಫೋಟೋ ತೆಗೆಸಿಕೊಂಡೆವು. ಶೋಲಾ ಕಾಡು ದಾಟಿ ಹುಲ್ಲುಗಾವಲಿಗೆ ಬಂದಾಗ ಗಾಳಿ ಹೇಗಿತ್ತು ಅಂದ್ರೆ ನಿಂತರೆ ತಳ್ಳೋದು. ತುದಿಯಲ್ಲಿ ಮಂಜು ಬಿಟ್ರೆ ಏನೂ ಕಾಣಲಿಲ್ಲ. ಆದರೂ ಖುಷಿ.

ಆಗಿದ್ದು ಇಳಿಯುವಾಗ. ಮಧ್ಯಾಹ್ನ ಎರಡೂವರೆ ಸುಮಾರು. ಮಳೆ ಹನಿಯೋಕೆ ಶುರುವಾಗಿತ್ತು. ಮುಂದಿದ್ದ ಲೀಡರ್ ‘ಬೇಗ ಬೇಗ, ಜೀಪ್ ಟೈಮ್ ಇದೆ’ ಅಂತ ಕೂಗ್ತಿದ್ದ. ಕೆಂಪು ಮಣ್ಣಿನ ಇಳಿಜಾರು, ಮೇಲೆ ನೀರು. ಎಡಗಾಲು ಜಾರಿ ಎರಡು ಕಲ್ಲಿನ ಸಂದಿಗೆ ಸಿಕ್ಕಿಕೊಂಡಿತು, ಮೈ ಮುಂದಕ್ಕೆ ಹೋಯ್ತು. ‘ಟಕ್’ ಅಂತ ಒಂದು ಶಬ್ದ. ಒಣ ಕಡ್ಡಿ ಮುರಿದ ಹಾಗೆ. ನನಗೆ ಕೇಳಿಸ್ತು.

ಹಿಂದೆ ಮುಂದೆ ಇದ್ದವರೆಲ್ಲ ನಿಂತರು. ‘ಏನಾಯ್ತು? ಏನಾಯ್ತು?’

ನಾನು ಹೇಳಿದ್ದು ಎರಡೇ ಪದ. ‘ಏನೂ ಆಗಿಲ್ಲ.’

ಯಾಕೆ ಹಾಗಂದೆ ಅಂತ ಆಸ್ಪತ್ರೆ ಹಾಸಿಗೆ ಮೇಲೆ ಮಲಗಿ ಬಹಳ ಸಲ ಯೋಚಿಸಿದ್ದೀನಿ. ನಾಚಿಕೆ ಒಂದು. 38 ಜನರ ಶನಿವಾರ ನನ್ನಿಂದ ಹಾಳಾಗಬಾರದು ಅನ್ನೋದು ಇನ್ನೊಂದು. ‘ಹುಡುಗೀರನ್ನ ಕರ್ಕೊಂಡು ಬಂದ್ರೆ ಹಿಂಗೇ’ ಅಂತ ಯಾರಾದರೂ ಅಂದುಬಿಟ್ರೆ ಅನ್ನೋ ಭಯ ಮೂರನೇದು. ಎಲ್ಲಕ್ಕಿಂತ ಹೆಚ್ಚಾಗಿ, ಮನೆಗೆ ಗೊತ್ತಾಗಿಬಿಡುತ್ತೆ ಅನ್ನೋ ಭಯ. ಒಂದು ಸುಳ್ಳು ಮುಚ್ಚೋಕೆ ಇನ್ನೊಂದು ಸುಳ್ಳು. ಅಷ್ಟೇ.

ಲೀಡರ್ ಹುಡುಗ ಓಡಿ ಬಂದು ಬ್ಯಾಗಿಂದ ಸ್ಪ್ರೇ ತೆಗೆದು ಸಾಕ್ಸ್ ಮೇಲೇ ಹೊಡೆದ. ‘ಉಳುಕಿರುತ್ತೆ ಅಷ್ಟೇ, ನಡೀತಾ ನಡೀತಾ ಸರಿ ಹೋಗುತ್ತೆ’ ಅಂದ. ನಾನೂ ತಲೆಯಾಡಿಸಿದೆ. ರೂಮ್‌ಮೇಟ್ ಭುಜ ಹಿಡ್ಕೊಂಡು ಸುಮಾರು ನಲವತ್ತು ನಿಮಿಷ ಕುಂಟಿದೆ. ಪ್ರತಿ ಹೆಜ್ಜೆಗೂ ಕಣ್ಣು ಕತ್ತಲೆ ಬರೋದು. ಆದರೂ ಒಳಗೊಂದು ಧೈರ್ಯ ಇತ್ತು. ನಡೀತಾ ಇದ್ದೀನಲ್ಲ, ಹಾಗಾದ್ರೆ ಮೂಳೆ ಮುರಿದಿಲ್ಲ ಅಂತ.

ದಯವಿಟ್ಟು ಇದನ್ನ ನೆನಪಿಟ್ಟುಕೊಳ್ಳಿ. ನಡೆಯೋಕೆ ಆಗ್ತಿದೆ ಅಂದ ಮಾತ್ರಕ್ಕೆ ಮೂಳೆ ಮುರಿದಿಲ್ಲ ಅಂತ ಅರ್ಥ ಅಲ್ಲ. ಕಾಲಿನ ಗಿಣ್ಣಿಗೆ ಪೆಟ್ಟಾದಾಗ ಎಕ್ಸ್-ರೇ ಬೇಕೋ ಬೇಡವೋ ಅಂತ ನೋಡೋಕೆ ಡಾಕ್ಟರ್‌ಗಳು ಒಂದು ಸರಳ ನಿಯಮ ಬಳಸ್ತಾರೆ. ಕೆನಡಾದ ಒಟ್ಟಾವಾದಲ್ಲಿ ರೂಪಿಸಿದ್ದರಿಂದ ಅದಕ್ಕೆ ಆ ಊರಿನದೇ ಹೆಸರು. ಗಿಣ್ಣಿನ ಎರಡೂ ಬದಿಗೆ ಉಬ್ಬಿರೋ ಮೂಳೆ ಇದೆಯಲ್ಲ, ಅದರ ಹಿಂಭಾಗವನ್ನೋ ತುದಿಯನ್ನೋ ಬೆರಳಲ್ಲಿ ಒತ್ತಿದಾಗ ನೋವಿದ್ರೆ ಎಕ್ಸ್-ರೇ ಬೇಕು. ಪೆಟ್ಟಾದಾಗಲೂ ಆಸ್ಪತ್ರೆಯಲ್ಲೂ ನಾಲ್ಕು ಹೆಜ್ಜೆ ಇಡೋಕೆ ಆಗದಿದ್ರೂ ಬೇಕು. ಇವೆರಡರಲ್ಲಿ ಒಂದಿದ್ದರೂ ಸಾಕು. ಪಾದದ ಹೊರ ಅಂಚಿನ ನಡುವೆ ಇರೋ ಮೂಳೆ ಒತ್ತಿದಾಗ ನೋವಾದ್ರೆ ಪಾದದ ಎಕ್ಸ್-ರೇ ಕೂಡ ಬೇಕು. ಬೆಟ್ಟದ ಮೇಲೆ ಎಕ್ಸ್-ರೇ ಇರಲ್ಲ, ನಿಜ. ಆದರೆ ಒತ್ತಿ ನೋಡೋ ಬೆರಳು ಎಲ್ಲರಿಗೂ ಇದೆ. ನನ್ನ ಕಾಲನ್ನ ಯಾರೂ ಒತ್ತಿ ನೋಡಲಿಲ್ಲ, ನಾನೂ ನೋಡಿಕೊಳ್ಳಲಿಲ್ಲ.

ಕೊನೆಗೆ ಒಂದು ಹಳ್ಳದ ದಂಡೆಯಲ್ಲಿ ಕುಸಿದು ಕೂತೆ. ಗುಂಪು ಮುಂದೆ ಹೋಗಿಯಾಗಿತ್ತು. ರೂಮ್‌ಮೇಟ್, ಇನ್ನಿಬ್ಬರು ಹುಡುಗರು ಮಾತ್ರ ಜೊತೆಗಿದ್ರು. ಆಗ ಹಿಂದಿಂದ ಆ ಊರಿನ ಗೈಡ್ ಬಂದ್ರು. ಅವರು ಯಾಕೆ ಹಿಂದೆ ನಡೀತಿದ್ರು ಅಂತ ಆಗ ಅರ್ಥ ಆಯ್ತು. ಮುಂದಿರೋನು ದಾರಿ ತೋರಿಸ್ತಾನೆ. ಬಿದ್ದೋರು ಸಿಗೋದು ಹಿಂದಿರೋನಿಗೆ.

‘ಎಂತ ಆಯ್ತು ಮೇಡಂ?’

‘ಏನೂ ಆಗಿಲ್ಲ ಅಣ್ಣ, ಸ್ವಲ್ಪ ಉಳುಕಿದೆ.’

ಅವರು ನನ್ನ ಮುಖ ನೋಡಿದ್ರು, ಕಾಲು ನೋಡಲಿಲ್ಲ. ‘ಮುಖ ಬೆಳ್ಳಗಾಗಿದೆ ಮಾರಾಯ್ರೆ. ಎಂತ ಆಗ್ಲಿಲ್ಲ ಅಂತೀರಿ. ಕಾಲು ಊರ್ಬೇಡಿ ಇನ್ನು.’

ಅವರು ಅಷ್ಟು ಅಂದಿದ್ದೇ ತಡ, ನಾನು ಜೋರಾಗಿ ಅತ್ತುಬಿಟ್ಟೆ. ಒಂದೂವರೆ ಕಿಲೋಮೀಟರ್ ತಡೆದಿಟ್ಟಿದ್ದ ಅಳು.

ಜೊತೆಗಿದ್ದ ಹುಡುಗರಲ್ಲಿ ಒಬ್ಬ, ಜಿಮ್‌ಗೆ ಹೋಗೋನು, ‘ನಾನು ಎಳೆದು ಸರಿ ಮಾಡ್ತೀನಿ, ಯೂಟ್ಯೂಬ್‌ನಲ್ಲಿ ನೋಡಿದ್ದೀನಿ’ ಅಂತ ಕಾಲಿಗೆ ಕೈ ಹಾಕಿದ. ಗೈಡ್ ಅವನ ಕೈ ಹಿಡಿದು ಪಕ್ಕಕ್ಕಿಟ್ಟರು. ‘ಮುಟ್ಟೂದು ಬೇಡ.’ ಆಮೇಲೆ ಶೂ ಲೇಸ್ ಸಡಿಲ ಮಾಡಿದ್ರು, ಬಿಚ್ಚಲಿಲ್ಲ. ಬೆರಳು ಆಡಿಸೋಕೆ ಬರುತ್ತಾ, ಮುಟ್ಟಿದ್ರೆ ಗೊತ್ತಾಗುತ್ತಾ ಅಂತ ಕೇಳಿದ್ರು. ಟ್ರೆಕಿಂಗ್ ಕೋಲು ಎರಡನ್ನ ಕಾಲಿನ ಎರಡೂ ಕಡೆ ಇಟ್ಟು, ನಡುವೆ ನನ್ನ ಜಾಕೆಟ್ ಸುತ್ತಿ, ತಮ್ಮ ತಲೆಗೆ ಕಟ್ಟಿದ್ದ ಟವೆಲ್ ಹರಿದು ಕಟ್ಟಿದ್ರು. ತುಂಬ ಬಿಗಿ ಇಲ್ಲ, ಸಡಿಲವೂ ಇಲ್ಲ. ಆಸ್ಪತ್ರೆಯ ಡಾಕ್ಟರ್ ಆಮೇಲೆ ಅದನ್ನ ನೋಡಿ, ‘ಇದನ್ನ ಯಾರು ಕಟ್ಟಿದ್ದು? ಸರಿಯಾಗಿ ಕಟ್ಟಿದ್ದಾರೆ’ ಅಂದ್ರು.

ಲೀಡರ್ ವಾಪಸ್ ಬಂದ. ಫಸ್ಟ್ ಏಡ್ ಕಿಟ್ ತೆಗೆದ. ಅದರಲ್ಲಿ ಏನಿತ್ತು ಗೊತ್ತಾ? ಬ್ಯಾಂಡ್-ಏಡ್, ಹತ್ತಿ, ಒಆರ್‌ಎಸ್ ಪೊಟ್ಟಣ, ಮುಗಿಯೋಕೆ ಬಂದಿದ್ದ ಸ್ಪ್ರೇ. ಒಂದು ಕ್ರೇಪ್ ಬ್ಯಾಂಡೇಜ್ ಇರಲಿಲ್ಲ. 38 ಜನಕ್ಕೆ. ಅವನ ಕೈ ನಡುಗ್ತಿತ್ತು. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವನನ್ನ ಲೀಡರ್ ಅಂತ ಕಳಿಸಿದವರ ಮೇಲೆ ಸಿಟ್ಟಿದೆ.

ಫೋನಿಗೆ ನೆಟ್‌ವರ್ಕ್ ಇಲ್ಲ. ಗೈಡ್ ಒಬ್ಬ ಹುಡುಗನ್ನ ಲೀಡರ್ ಜೊತೆ ಮುಳ್ಳೋಡಿಗೆ ಓಡಿಸಿದ್ರು. ಒಂದು ಗಂಟೆ ಆದಮೇಲೆ ಊರಿಂದ ನಾಲ್ಕು ಜನ ಬಂದ್ರು. ಕೈಯಲ್ಲಿ ಒಂದು ಕಂಬಳಿ, ಒಂದು ಉದ್ದದ ಗಳ. ಕಂಬಳಿಯ ಎರಡು ತುದಿ ಗಳಕ್ಕೆ ಕಟ್ಟಿ ಜೋಳಿಗೆ ಮಾಡಿದ್ರು. ನನ್ನನ್ನ ಅದರೊಳಗೆ ಕೂರಿಸಿ, ಇಬ್ಬರು ಮುಂದೆ ಇಬ್ಬರು ಹಿಂದೆ, ಹೆಗಲು ಬದಲಿಸ್ತಾ ಮಳೆಯಲ್ಲಿ ಇಳಿಸಿದ್ರು. ನಾನು 64 ಕೆ.ಜಿ. ಜಾರೋ ಕಲ್ಲು, ಮೊಣಕಾಲುದ್ದ ನೀರಿನ ಹಳ್ಳ. ಒಂದು ಸಲವೂ ನನ್ನನ್ನ ನೆಲಕ್ಕೆ ತಾಗಿಸಲಿಲ್ಲ.

ದಾರಿಯಲ್ಲಿ ನಾನು ಹತ್ತು ಸಲ ‘ಸಾರಿ ಅಣ್ಣ, ನಿಮಗೆ ತೊಂದರೆ ಆಯ್ತು’ ಅಂದೆ. ಅವರಲ್ಲಿ ಒಬ್ಬರು ಹೇಳಿದ್ರು, ‘ನಮ್ಗೆ ಇದು ಹೊಸ್ತಲ್ಲ. ಮಳೆಗಾಲದಲ್ಲಿ ಜೀಪ್ ಬರ್ಲಿಕ್ಕಾಗದಿದ್ರೆ ಹುಷಾರಿಲ್ಲದವ್ರನ್ನೆಲ್ಲ ಹೀಗೇ ಹೊರೂದು. ನಮ್ಮ ಅಮ್ಮನ್ನೂ ಹೀಗೇ ಹೊತ್ತದ್ದು.’

ನಾನು ಸುಮ್ಮನಾದೆ. ಜೀಪ್ ಕುಲುಕಿದಾಗ ಬೆಳಗ್ಗೆ ‘ವಾವ್, ಆಫ್‌ರೋಡ್’ ಅಂತ ವಿಡಿಯೋ ಮಾಡಿದ್ದು ನಾನೇ. ನನಗೆ ಸಾಹಸ ಆಗಿದ್ದ ದಾರಿ ಅವರಿಗೆ ಆಸ್ಪತ್ರೆಗೆ ಹೋಗೋ ದಾರಿ.

ಹೋಂಸ್ಟೇಗೆ ಬಂದಾಗ ಕತ್ತಲಾಗಿತ್ತು. ಅಲ್ಲಿ ನೆಟ್‌ವರ್ಕ್ ಇತ್ತು. ಇನ್ನೊಬ್ಬ ಲೀಡರ್ ಫಾರಂ ತೆಗೆದು, ‘ನಿಮ್ಮ ಮನೆಯವರಿಗೆ ಫೋನ್ ಮಾಡ್ತೀನಿ’ ಅಂತ ಆ ತುರ್ತು ನಂಬರಿಗೆ ಡಯಲ್ ಮಾಡಿದ. ನನ್ನ ಬ್ಯಾಗಿನೊಳಗೇ ರಿಂಗ್ ಆಯ್ತು.

ಎಲ್ಲರೂ ಬ್ಯಾಗ್ ಕಡೆ ನೋಡಿದ್ರು. ಯಾರೂ ನಗಲಿಲ್ಲ. ನಕ್ಕಿದ್ರೆ ಚೆನ್ನಾಗಿರ್ತಿತ್ತು.

ಕೊನೆಗೆ ನಾನೇ ಅಮ್ಮನಿಗೆ ಫೋನ್ ಮಾಡಿದೆ. ‘ಅಮ್ಮ, ನಾನು ಹಾಸನದಲ್ಲಿಲ್ಲ’ ಅಂತ ಶುರು ಮಾಡಿದೆ. ಬೈತಾರೆ ಅಂದುಕೊಂಡಿದ್ದೆ. ಅಮ್ಮ ಕೇಳಿದ್ದು ಒಂದೇ, ‘ಊಟ ಮಾಡಿದ್ಯಾ? ಪಕ್ಕದಲ್ಲಿ ಯಾರಿದ್ದಾರೆ?’ ಬೈಗುಳ ಆಮೇಲೆ ಬಂತು, ಆಪರೇಷನ್ ಮುಗಿದ ಮೇಲೆ, ಕಂತಿನಲ್ಲಿ.

ಹತ್ತಿರದ ಊರಿನ ಆಸ್ಪತ್ರೆಯಲ್ಲಿ ಸ್ಲ್ಯಾಬ್ ಹಾಕಿ ನೋವಿಗೆ ಇಂಜೆಕ್ಷನ್ ಕೊಟ್ಟರು. ಬೆಂಗಳೂರಲ್ಲಿ ಎಕ್ಸ್-ರೇ ನೋಡಿದಾಗ ಗಿಣ್ಣಿನ ಎರಡೂ ಬದಿಯ ಮೂಳೆ ಮುರಿದಿತ್ತು, ಒಂದು ಜಾಗ ಬಿಟ್ಟು ಸರಿದಿತ್ತು. ‘ಮುರಿದ ಮೇಲೆ ಎಷ್ಟು ದೂರ ನಡೆದ್ರಿ?’ ಅಂತ ಸರ್ಜನ್ ಕೇಳಿದ್ರು. ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ‘ಆಗಲೇ ಕೂತಿದ್ರೆ ಇಷ್ಟು ಸರೀತಿರಲಿಲ್ಲವೇನೋ. ಖಚಿತವಾಗಿ ಹೇಳೋಕಾಗಲ್ಲ’ ಅಂದ್ರು. ಆ ‘ಏನೋ’ ಈಗಲೂ ನನ್ನ ಜೊತೆಗಿದೆ. ಎಂಟು ವಾರ ಎಡಗಾಲು ನೆಲಕ್ಕೆ ತಾಗಿಸೋ ಹಾಗಿರಲಿಲ್ಲ. ಆಮೇಲೆ ತಿಂಗಳುಗಟ್ಟಲೆ ಫಿಸಿಯೋಥೆರಪಿ. ಆಫೀಸಿನ ಆರೋಗ್ಯ ವಿಮೆ ಇತ್ತು, ಬಚಾವಾದೆ.

ಟ್ರೆಕ್ ನಡೆಸಿದವರಿಂದ ಒಂದು ವಾಟ್ಸ್‌ಆ್ಯಪ್ ಮೆಸೇಜ್ ಬಂತು. ಬೇಗ ಗುಣವಾಗಲಿ ಅನ್ನೋ ಹಾರೈಕೆ, ಮುಂದಿನ ಟ್ರೆಕ್‌ಗೆ ಸಾವಿರ ರೂಪಾಯಿ ಕೂಪನ್.

ಫೋಟೋ ತೆಗೆದಿಟ್ಟುಕೊಂಡಿದ್ದೀನಿ ಅದನ್ನ. ನಾನು ತಿರುಗಿ ಕೇಳಿದಾಗ, ‘ನೀವು ಫಾರಂಗೆ ಒಪ್ಪಿಗೆ ಕೊಟ್ಟಿದ್ದೀರಲ್ಲ’ ಅಂದ್ರು. ನಾನೂ ಹೌದಲ್ಲ ಅಂತ ಸುಮ್ಮನಿದ್ದೆ. ಆಮೇಲೆ ವಕೀಲೆ ಗೆಳತಿಯೊಬ್ಬಳು ಹೇಳಿದಳು. ದುಡ್ಡು ತಗೊಂಡು ಕೊಡೋ ಸೇವೆಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತೆ. ನಿರ್ಲಕ್ಷ್ಯದಿಂದ ಗ್ರಾಹಕರಿಗೆ ಹಾನಿಯೋ ಗಾಯವೋ ಆದರೆ ಅದು ಸೇವೆಯ ಕೊರತೆ ಅಂತ ಆ ಕಾಯ್ದೆಯಲ್ಲೇ ಇದೆ. ನಾವು ಟಿಕ್ ಹಾಕಿದ ಒಂದು ಪುಟದಿಂದ ಅವರ ನಿರ್ಲಕ್ಷ್ಯವೆಲ್ಲ ತಾನಾಗೇ ಮಾಫಿ ಆಗಲ್ಲ. ದೂರು ಕೊಡೋಕೆ ಎರಡು ವರ್ಷ ಸಮಯ ಇರುತ್ತೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ದೂರು ಕೊಡ್ತೀನಾ? ಇನ್ನೂ ಯೋಚನೆಯಲ್ಲಿದ್ದೀನಿ. ನನ್ನ ತಪ್ಪು ನನಗೆ ಗೊತ್ತು. ‘ಏನೂ ಆಗಿಲ್ಲ’ ಅಂದಿದ್ದು ನಾನು, ಸುಳ್ಳು ನಂಬರ್ ಬರೆದಿದ್ದು ನಾನು. ಅದಕ್ಕೆ ನಾನೇ ಹೊಣೆ. ಆದರೆ 38 ಜನರನ್ನ ಮಳೆಯಲ್ಲಿ ಅವಸರ ಮಾಡಿ ಇಳಿಸಿದ್ದಕ್ಕೆ, ಕಿಟ್‌ನಲ್ಲಿ ಬ್ಯಾಂಡೇಜ್ ಇಲ್ಲದ್ದಕ್ಕೆ, ಬಿದ್ದವಳನ್ನ ಒಂದು ಸಲವೂ ಪರೀಕ್ಷೆ ಮಾಡದೆ ನಡೆಸಿದ್ದಕ್ಕೆ ನಾನು ಹೊಣೆ ಅಲ್ಲ. ನಮ್ಮ ತಪ್ಪಿದೆ ಅಂತ ಬೇರೆಯವರ ತಪ್ಪನ್ನೂ ನಾವೇ ಹೊರಬೇಕಾಗಿಲ್ಲ. ಇದನ್ನ ಅರ್ಥ ಮಾಡಿಕೊಳ್ಳೋಕೆ ನನಗೆ ಎಂಟು ವಾರ ಬೇಕಾಯ್ತು.

ಮುಂದಿನ ವೀಕೆಂಡ್‌ಗೆ ನೀವು ಬುಕ್ ಮಾಡ್ತಿರಬಹುದು. ಬೇಡ ಅನ್ನಲ್ಲ, ಹೋಗಿ. ಆದರೆ ದುಡ್ಡು ಕಟ್ಟೋ ಮುಂಚೆ ಫೋನ್ ಮಾಡಿ ಇಷ್ಟು ಕೇಳಿ. ಒಟ್ಟು ಎಷ್ಟು ಜನ, ಎಷ್ಟು ಲೀಡರ್? ಅವರಲ್ಲಿ ಪ್ರಥಮ ಚಿಕಿತ್ಸೆ ತರಬೇತಿ ಆದವರು ಯಾರು? ಊರಿನ ಗೈಡ್ ಇದ್ದಾರಾ, ಕೊನೆಯಲ್ಲಿ ನಡೆಯೋರು ಯಾರು? ಯಾರಾದರೂ ಬಿದ್ದರೆ ಹೇಗೆ ಇಳಿಸ್ತೀರಿ, ಹತ್ತಿರದ ಆಸ್ಪತ್ರೆ ಯಾವುದು? ಉತ್ತರ ಕೊಡೋಕೆ ತಡವರಿಸಿದ್ರೆ ಬೇರೆಯವರನ್ನ ನೋಡಿ.

ನಿಮ್ಮ ಫೋನಲ್ಲೂ ಸ್ವಲ್ಪ ಕೆಲಸ ಇದೆ. ಲಾಕ್ ಸ್ಕ್ರೀನ್‌ನಲ್ಲಿ ಕಾಣೋ ಹಾಗೆ ತುರ್ತು ನಂಬರ್, ರಕ್ತದ ಗುಂಪು ಹಾಕಿಡಿ. ನಿಜವಾದ ನಂಬರ್, ಫೋನ್ ಎತ್ತೋ ಮನುಷ್ಯರದ್ದು. ಆ ಜಾಗದ ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿ, ನೆಟ್‌ವರ್ಕ್ ಇಲ್ಲದಿದ್ರೂ ಜಿಪಿಎಸ್ ಕೆಲಸ ಮಾಡುತ್ತೆ. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ರೂ ಬೇರೆ ಕಂಪನಿಯ ಸಿಗ್ನಲ್ ಇದ್ದ ಕಡೆ 112ಕ್ಕೆ ಕರೆ ಹೋಗಬಹುದು, ಪ್ರಯತ್ನಿಸಿ. ಯಾವ ಸಿಗ್ನಲ್ಲೂ ಇಲ್ಲದಿದ್ರೆ ಸೀಟಿ. ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ. ಬೆಟ್ಟದಲ್ಲಿ ಸಹಾಯ ಬೇಕು ಅಂತ ಹೇಳೋ ರೀತಿ ಅದು. ಬ್ಯಾಗಲ್ಲಿ ಒಂದು ಕ್ರೇಪ್ ಬ್ಯಾಂಡೇಜ್ ಇಟ್ಟುಕೊಳ್ಳಿ, ಚಿಪ್ಸ್ ಪ್ಯಾಕೆಟ್‌ಗಿಂತ ಕಡಿಮೆ ಜಾಗ ಹಿಡಿಯುತ್ತೆ.

ಊರುಗೋಲು ಬಿಟ್ಟ ಮೇಲೆ ಅಪ್ಪ ಅಮ್ಮನ ಜೊತೆ ಕಾರಲ್ಲಿ ಆ ಕಡೆ ಹೋಗಿದ್ದೆ. ಬೆಟ್ಟ ಹತ್ತೋಕಲ್ಲ, ಆ ಗೈಡ್ ಅಣ್ಣನ್ನ ನೋಡೋಕೆ. ಅಪ್ಪ ಒಂದು ಕವರ್ ಕೊಡೋಕೆ ಹೋದ್ರು. ಅವರು ತಗೊಳ್ಳಲಿಲ್ಲ. ‘ಅವತ್ತು ಹೊತ್ತವ್ರು ನಾಲ್ಕು ಜನ ತೋಟದ ಕೆಲಸ ಬಿಟ್ಟು ಬಂದಿದ್ರು. ಅವ್ರ ಅರ್ಧ ದಿನದ ಕೂಲಿ ಹೋಗಿದೆ, ಅವ್ರಿಗೆ ಕೊಡಿ. ನಂಗೆ ಬೇಡ.’ ನಾಲ್ಕೂ ಮನೆಗೆ ಹೋಗಿ ಕೊಟ್ಟು ಬಂದೆವು. ಒಂದು ಮನೆಯಲ್ಲಿ ಅಮ್ಮ, ಅಲ್ಲಿಯ ಅಜ್ಜಿ ಜೊತೆ ಒಂದು ಗಂಟೆ ಮಾತಾಡ್ತಾ ಕೂತುಬಿಟ್ರು. ಬರುವಾಗ ಆ ಅಜ್ಜಿ ಅಪ್ಪೆಮಿಡಿ ಉಪ್ಪಿನಕಾಯಿ ಕಟ್ಟಿಕೊಟ್ರು.

ಹೊರಡುವಾಗ ಗೈಡ್ ಅಣ್ಣ ನನ್ನ ಕಾಲು ನೋಡಿ ಕೇಳಿದ್ರು, ‘ಈಗ ನೋವುಂಟಾ?’

ನಾಲಿಗೆ ತುದಿಗೆ ಅದೇ ಎರಡು ಪದ ಬಂದಿತ್ತು. ನುಂಗಿಕೊಂಡೆ.

‘ಉಂಟು ಅಣ್ಣ. ಇಳಿಜಾರಲ್ಲಿ ನೋಯುತ್ತೆ.’

‘ಹಾಗಾದ್ರೆ ನಿಧಾನ ನಡೀರಿ’ ಅಂದ್ರು.

ನಿಮಗೂ ಅಷ್ಟೇ ಹೇಳೋದು. ನೋವಾದ್ರೆ ನೋವಾಗಿದೆ ಅಂತ ಆಗಲೇ ಹೇಳಿ, ನಿಲ್ಲಿ. ಗುಂಪು ಕಾಯುತ್ತೆ, ಕಾಯಬೇಕು. ಇದನ್ನ ನಿಮ್ಮ ಟ್ರೆಕ್ ಗ್ರೂಪಿಗೆ ಕಳಿಸಿ.